ದೊಡ್ಡದು ಮೊದಲೋ, ಚಿಕ್ಕದು ಮೊದಲೋ?

ಎರಡು ಮೈಕ್ರೋಕಂಟ್ರೋಲರ್‌ಗಳ ನಡುವೆ ತಂತಿ ಎಳೆದರೆ ಸಾಕು, ಅವು ಮಾತಾಡಿಕೊಳ್ಳುತ್ತವೆ ಎಂದು ನಂಬುವ ಎಂಜಿನಿಯರುಗಳಿಗೆ ಮೊದಲು ದೃಷ್ಟಿ ತೆಗೆಯಬೇಕು. ತಂತಿ ಸರಿಯಿದೆ, ಬಾಡ್ ರೇಟ್ ಸರಿಯಿದೆ, ಬೈಟ್‌ಗಳು ಒಂದೂ ತಪ್ಪದೆ ಬಂದಿವೆ. ಆದರೂ ಕೋಣೆಯ ಉಷ್ಣತೆ 6400 ಡಿಗ್ರಿ ಎನ್ನುತ್ತದೆ ಪರದೆ. ಸೂರ್ಯನ ಮೇಲ್ಮೈಯೇ ಸುಮಾರು 5500 ಡಿಗ್ರಿ! ಅದಕ್ಕಿಂತ ಬಿಸಿಯಾದ ಕೋಣೆಯಲ್ಲಿ ಕೂತು ನಮ್ಮ ಎಂಜಿನಿಯರು ಕಾಫಿ ಹೀರುತ್ತಾ ಸೆನ್ಸರನ್ನು ಬೈಯುತ್ತಿರುತ್ತಾರೆ.

ಪಾಪ, ಸೆನ್ಸರ್ ಕಳಿಸಿದ್ದು 25 ಡಿಗ್ರಿಯನ್ನೇ. ದಶಾಂಶದ ಗೋಜು ಬೇಡವೆಂದು ಹತ್ತರಿಂದ ಗುಣಿಸಿ 250 ಮಾಡಿತು. ಎರಡು ಬೈಟ್‌ಗಳಲ್ಲಿ ಅದು 0 ಮತ್ತು 250. ಕಳಿಸಿದವನು ದೊಡ್ಡ ಸ್ಥಾನದ ಬೈಟನ್ನು ಮುಂದೆ ಬಿಟ್ಟ. ಪಡೆದವನು ಮೊದಲು ಬಂದದ್ದೇ ಚಿಕ್ಕದು ಎಂದುಕೊಂಡ. 250ನ್ನು 256ರಿಂದ ಗುಣಿಸಿ 64000 ಮಾಡಿ ಕೂತ. ಋಣಸಂಖ್ಯೆಗೂ ಅವಕಾಶವಿಟ್ಟು ಓದಿದ್ದರೆ ಅದೇ ಕೋಣೆ ಮೈನಸ್ 153.6 ಡಿಗ್ರಿಗೆ ಹೆಪ್ಪುಗಟ್ಟುತ್ತಿತ್ತು!

ಈ ಜಗಳಕ್ಕೆ ಬಿಗ್ ಎಂಡಿಯನ್, ಲಿಟಲ್ ಎಂಡಿಯನ್ ಎಂದು ಹೆಸರಿಟ್ಟವರು ಡ್ಯಾನಿ ಕೋಹೆನ್, 1980ರ ಏಪ್ರಿಲ್ 1ರಂದು. ದಿನಾಂಕದಲ್ಲೇ ಚೇಷ್ಟೆ ಇದೆ. ಮೊಟ್ಟೆಯನ್ನು ಯಾವ ತುದಿಯಲ್ಲಿ ಒಡೆಯಬೇಕೆಂದು ಹೊಡೆದಾಡುವ ಜನ ಜೊನಾಥನ್ ಸ್ವಿಫ್ಟನ 1726ರ 'ಗಲಿವರ್ಸ್ ಟ್ರಾವೆಲ್ಸ್'ನಲ್ಲಿದ್ದಾರಲ್ಲ, ಹೆಸರು ಬಂದದ್ದು ಅವರಿಂದ. ಮೊಟೊರೊಲಾದ 68000 ದೊಡ್ಡ ತುದಿಯ ಪಕ್ಷ, ಇಂಟೆಲ್ ಚಿಕ್ಕ ತುದಿಯದು. 8051ರ ಕಥೆ ಇನ್ನೂ ಮಜಾ: ಒಂದೇ ಚಿಪ್ಪು, ಆದರೆ ಕೈಲ್ ಸಿ51 ಕಂಪೈಲರ್‌ನಲ್ಲಿ ದೊಡ್ಡದು ಮೊದಲು, ಎಸ್‌ಡಿಸಿಸಿಯಲ್ಲಿ ಚಿಕ್ಕದು ಮೊದಲು. ಪಕ್ಷಾಂತರಕ್ಕೆ ಚುನಾವಣೆಯೂ ಬೇಡ!

ಬೇರೆಯವರ ಮೊಟ್ಟೆಗೆ ನಗುವ ಮುಂಚೆ ನಮ್ಮ ಮೇಳಕರ್ತ ರಾಗಗಳನ್ನು ಕೇಳಿ. ಕಟಪಯಾದಿಯಲ್ಲಿ ಮೇಚಕಲ್ಯಾಣಿಯ 'ಮ' 5, 'ಚ' 6. ರಾಗ ಮಾತ್ರ 56ನೆಯದಲ್ಲ, 65ನೆಯದು. ಬಿಡಿಸ್ಥಾನ ಮೊದಲು, ಹತ್ತರ ಸ್ಥಾನ ಆಮೇಲೆ: ಅಪ್ಪಟ ಲಿಟಲ್ ಎಂಡಿಯನ್. ಆದರೂ ಸಂಗೀತದವರು ಇದಕ್ಕಾಗಿ ಕಿತ್ತಾಡಿಲ್ಲ (ಕಿತ್ತಾಡಲು ಅವರಿಗೆ ಬೇರೆ ವಿಷಯಗಳಿವೆ). ತಿರುಗಿಸಿ ಓದಬೇಕೆಂದು ಮೊದಲೇ ಒಪ್ಪಿಕೊಂಡಿದ್ದಾರೆ.

ಬೈಟ್ ಕ್ರಮ ಸರಿಹೋಯಿತೆಂದು ಬೀಗಬೇಡಿ, ಸ್ಟ್ರಕ್ಟ್ ಕಾದು ಕೂತಿದೆ. ಒಂದು ಬೈಟಿನ ಗುರುತು, ನಾಲ್ಕು ಬೈಟಿನ ಅಳತೆ: ಒಟ್ಟು ಐದು. ಆರ್ಡುಯಿನೊ ಊನೊದ ಎಂಟು ಬಿಟ್ ಚಿಪ್ಪಿನಲ್ಲಿ ಐದೇ. ಆರ್ಮ್ ಕಾರ್ಟೆಕ್ಸ್‌ನಲ್ಲಿ ಎಂಟು! ನಾಲ್ಕು ಬೈಟಿನ ಯಜಮಾನರು ನಾಲ್ಕರ ಮಗ್ಗಿಯ ವಿಳಾಸದಲ್ಲೇ ಕೂರಬೇಕಂತೆ. ಅದಕ್ಕೆ ಕಂಪೈಲರ್ ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ ಮೂರು ಜಾಗ ಖಾಲಿ ಹಿಡಿದಿಡುತ್ತದೆ. ಇನ್ನು 'ಇಂಟ್' ಎಂದು ಬರೆದರೆ ಅಲ್ಲಿ ಎರಡು ಬೈಟ್, ಇಲ್ಲಿ ನಾಲ್ಕು.

"ಪ್ಯಾಕ್ಡ್ ಅಂತ ಹಾಕಿಬಿಡಿ ಸಾರ್" ಎನ್ನುವ ಜಾಣರೂ ಇದ್ದಾರೆ. ಟವೆಲ್ ಹೋಗುತ್ತದೆ, ನಿಜ. ಬೈಟ್ ಕ್ರಮ ಹಾಗೇ ಉಳಿಯುತ್ತದೆ. ಮೇಲಾಗಿ ಆ ಒಳಗಿನ ಅಳತೆಗೆ ಸಾದಾ ಪಾಯಿಂಟರ್ ಹಿಡಿದು ಓದಹೊರಟರೆ ಕಾರ್ಟೆಕ್ಸ್-ಎಂ0 ಹಾರ್ಡ್ ಫಾಲ್ಟ್ ಹೊಡೆದು ಮಲಗುತ್ತದೆ.

ಮದ್ದು ಸಪ್ಪೆಯಾಗಿದೆ, ಅದಕ್ಕೇ ಯಾರಿಗೂ ರುಚಿಸುವುದಿಲ್ಲ. ಸ್ಟ್ರಕ್ಟನ್ನು ಇಡಿಯಾಗಿ ತಂತಿಗೆ ತಳ್ಳಬೇಡಿ. ಯಾವ ಬೈಟ್ ಮೊದಲು ಎಂದು ಕಾಗದದ ಮೇಲೆ ಬರೆಯಿರಿ. ಇಂಟ್ ಬಿಟ್ಟು ಅಳತೆ ಗೊತ್ತಿರುವ ಟೈಪ್‌ಗಳನ್ನು ಹಿಡಿಯಿರಿ. ಕಳಿಸುವಾಗ ಶಿಫ್ಟ್ ಮಾಡಿ ಒಂದೊಂದೇ ಬೈಟ್ ಇಳಿಸಿ, ಪಡೆಯುವಾಗ ಶಿಫ್ಟ್ ಮಾಡಿ ಜೋಡಿಸಿ. ನಾಲ್ಕು ಸಾಲು ಹೆಚ್ಚು, ಅಷ್ಟೆ. ಚಿಪ್ಪು ಯಾವ ಪಕ್ಷದ್ದೆಂದು ಕೇಳುವ ಅಗತ್ಯವೇ ಇರುವುದಿಲ್ಲ.

"ಎರಡೂ ಕಡೆ ಒಂದೇ ಚಿಪ್ಪು, ಅದೆಲ್ಲ ಯಾಕೆ?" ಎಂದು ಮೆಮ್‌ಕಾಪಿ ಮಾಡುವವರ ಧೈರ್ಯ ದೊಡ್ಡದು. ಚಿಪ್ಪು ಬದಲಾಗುವ ಹೊತ್ತಿಗೆ ಅವರು ಕಂಪನಿಯನ್ನೇ ಬದಲಾಯಿಸಿರುತ್ತಾರೆ.