ನೋಟ ಅಳೆಯುವ ಮಹನೀಯರಿಗೆ

ಮನುಷ್ಯನ ನೋಟ, ಗಮನ, ನೆನಪುಗಳನ್ನು ಅಳೆಯುವ ಪರಮಪೂಜ್ಯ ಪ್ರಯೋಗಾಲಯಗಳ ಸನ್ನಿಧಾನಕ್ಕೆ, ಗುಂಡ್ಲುಪೇಟೆ ತಾಲ್ಲೂಕಿನ ಕಾಡಂಚಿನ ರೈತನ ಮಗ ಮಾಡುವ ಸಾಷ್ಟಾಂಗ ನಮಸ್ಕಾರ.

ತಮ್ಮ ಉಪಕಾರ ಮರೆಯುವಂಥದ್ದಲ್ಲ. 1999ರಲ್ಲಿ ಹಾರ್ವರ್ಡ್‌ನ ಸೈಮನ್ಸ್ ಮತ್ತು ಶಾಬ್ರಿ ಒಂದು ವಿಡಿಯೊ ತೋರಿಸಿ, ಬಿಳಿ ಅಂಗಿಯವರು ಎಷ್ಟು ಸಲ ಚೆಂಡು ದಾಟಿಸಿದರೆಂದು ಎಣಿಸಲು ಹೇಳಿದರು. ನಡುವೆ ಗೊರಿಲ್ಲಾ ವೇಷದವರೊಬ್ಬರು ಹಾದುಹೋದದ್ದು ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಕಾಣಲೇ ಇಲ್ಲ. ಕಣ್ಣು ತೆರೆದಿದ್ದರೆ ಸಾಲದು, ಗಮನ ಅಲ್ಲಿರಬೇಕು ಎಂದು ಲೋಕಕ್ಕೆ ತೋರಿಸಿಕೊಟ್ಟಿರಿ. ಈ ಮಾತು ನಮ್ಮೂರ ಅಟ್ಟಣೆಯ ಮೇಲೆ ಮೊದಲೇ ಗೊತ್ತಿತ್ತು ಎಂದರೆ ಮುನಿಯಬಾರದು.

ಅಪ್ಪ ಜೋಳ ಕಾಯುವ ರಾತ್ರಿ ನಾನೂ ಅಟ್ಟಣೆ ಏರುತ್ತಿದ್ದೆ. ಒಮ್ಮೆ ಮಂಕು ಬೆಳದಿಂಗಳು, ಜೋರು ಗಾಳಿ. ಬೇಲಿಯಾಚೆ ಲಂಟಾನದ ಪೊದೆಗಳೆಲ್ಲ ತೂಗುತ್ತಿದ್ದವು. ಅಪ್ಪ ನನ್ನ ಮೊಣಕೈ ಹಿಡಿದು, 'ಅಗಾ, ಅದೊಂದು ಅಲ್ಲಾಡ್ತಾ ಇಲ್ಲ ನೋಡು' ಎಂದ. ನನಗೆ ಕಂಡದ್ದು ಪೊದೆಯೇ. ಆಮೇಲೆ ಅದರ ಒಂದು ಪಕ್ಕ ನಿಧಾನವಾಗಿ ಮಡಚಿ ಬಿಚ್ಚಿಕೊಂಡಿತು. ಆನೆಯ ಕಿವಿ! ನನ್ನ ಹದಿನಾರರ ಕಣ್ಣಿಗಿಂತ ಅಪ್ಪನ ಐವತ್ತರ ಕಣ್ಣು ಚುರುಕೇನಲ್ಲ. ಗಾಳಿ ಬೀಸುವಾಗ ಏನನ್ನು ಹುಡುಕಬೇಕೆಂದು ಅದಕ್ಕೆ ಗೊತ್ತಿತ್ತು.

ಇಂಥ ನೋಟವನ್ನು ಅರಸಿ ತಮ್ಮವರೇ ಒಬ್ಬರು ಈ ಕಡೆ ಬಂದಿದ್ದರು. ಬಂಡೀಪುರ ದಾಟಿ ಮೇಲೆ ಹತ್ತಿದರೆ ಸಿಗುವ ನೀಲಗಿರಿಯಲ್ಲಿ, 1901-02ರಲ್ಲಿ, ಕೇಂಬ್ರಿಡ್ಜ್‌ನ ಡಬ್ಲ್ಯು.ಎಚ್.ಆರ್. ರಿವರ್ಸ್ ಅಲ್ಲಿನ ತೋಡ ಬುಡಕಟ್ಟಿನವರ ದೃಷ್ಟಿ, ಬಣ್ಣದ ಅರಿವು ಎಲ್ಲವನ್ನೂ ಪರೀಕ್ಷಿಸಿದರು. ಸಮನಾದ ಎರಡು ಗೆರೆಗಳ ತುದಿಗೆ ಬಾಣದ ಗುರುತು ಒಳಮುಖ, ಹೊರಮುಖ ಹಾಕಿದರೆ ಒಂದು ಉದ್ದ ಕಾಣುತ್ತದಲ್ಲ, ಆ ಮೋಸಕ್ಕೆ ತೋಡರು ಇಂಗ್ಲಿಷರಷ್ಟು ಬೀಳಲಿಲ್ಲ. ಎಲ್ಲರ ಕಣ್ಣೂ ಒಂದೇ ಅಳತೆಗೆ ಮೋಸಹೋಗುವುದಿಲ್ಲ ಎಂದು ಅಂದೇ ಗೊತ್ತಾಯಿತು. ಆಮೇಲೆ ನೂರಿಪ್ಪತ್ತು ವರ್ಷ ಕಳೆದರೂ ಘಾಟಿ ಇಳಿದು ನಮ್ಮ ಹೊಲದವರೆಗೆ ಬರಲು ತಮಗೆ ಪುರುಸೊತ್ತಾಗಲಿಲ್ಲ.

ಪುರುಸೊತ್ತು ಎಲ್ಲಿಂದ ಬರಬೇಕು? 2003ರಿಂದ 2007ರವರೆಗೆ ಅಮೆರಿಕದ ಪ್ರಮುಖ ಮನಶ್ಶಾಸ್ತ್ರ ಪತ್ರಿಕೆಗಳ ಅಧ್ಯಯನಗಳಲ್ಲಿ ಪರೀಕ್ಷೆಗೆ ಕುಳಿತವರಲ್ಲಿ ನೂರಕ್ಕೆ 96 ಮಂದಿ ಪಾಶ್ಚಾತ್ಯ ಕೈಗಾರಿಕಾ ದೇಶಗಳವರು. ಆ ದೇಶಗಳಲ್ಲಿ ಆಗ ಇದ್ದದ್ದು ಜಗತ್ತಿನ ನೂರಕ್ಕೆ 12 ಜನ. ಪರೀಕ್ಷೆಗೆ ಕುಳಿತವರಲ್ಲೂ ಅನೇಕರು ಕಾಲೇಜು ಹುಡುಗರು. ಅವರನ್ನು ಪರದೆಯ ಮುಂದೆ ಕೂರಿಸಿ, ಬಂದ ಫಲಕ್ಕೆ 'ಮನುಷ್ಯನ ಗಮನ' ಎಂದು ಹೆಸರಿಡುತ್ತೀರಿ. ನಾವೂ ಮನುಷ್ಯರೇ, ಸ್ವಾಮಿ.

ಬಣ್ಣದ ಚೌಕಗಳನ್ನು ಕ್ಷಣಕಾಲ ತೋರಿಸಿದರೆ ನಾಲ್ಕರಷ್ಟೇ ಮನಸ್ಸಿನಲ್ಲಿ ನಿಲ್ಲುತ್ತವೆ ಎಂದು 1997ರಲ್ಲಿ ಕಲಿಸಿದಿರಿ. ಒಪ್ಪಿದೆ. ನಮ್ಮವ್ವ ಸಂಜೆ ಕೊಟ್ಟಿಗೆ ಬಾಗಿಲಲ್ಲಿ ನಿಂತು ಮೂವತ್ತು ಮೇಕೆಗಳನ್ನು ಎಣಿಸುವುದಿಲ್ಲ. ನುಗ್ಗುವ ಹಿಂಡಿನ ಮೇಲೆ ಒಮ್ಮೆ ಕಣ್ಣಾಡಿಸಿ 'ಕೆಂದಿ ಬಂದಿಲ್ಲ' ಎನ್ನುತ್ತಾಳೆ. ಅದು ಬೇರೆ ಬಗೆಯ ನೆನಪು ಎನ್ನುತ್ತೀರಿ. ಸರಿ, ಆ ಬೇರೆ ಬಗೆಯನ್ನೂ ದಯಮಾಡಿ ಅಳೆಯಿರಿ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ಕಾಣಿ. ಬಂಡೀಪುರದ ಕಾವಲುಗಾರರ ಹಿಂದೆ ನಡೆಯಿರಿ. ಕನ್ನಡದಲ್ಲಿ ಕೇಳಿ, ಕೂಲಿ ಕೊಡಿ, ಕಂಡುಕೊಂಡದ್ದನ್ನು ಅವರಿಗೆ ತಿರುಗಿ ಬಂದು ಹೇಳಿ. ಕಾವಲಿಗೆ ಕೂರುವ ಹುಡುಗರು ಊರಲ್ಲಿ ಕಡಿಮೆಯಾಗುತ್ತಿದ್ದಾರೆ. ನಾನೂ ಊರು ಬಿಟ್ಟವನೇ.

ಈ ಸುಗ್ಗಿಗೇ ಬನ್ನಿ ಎಂದು ಬೇಡಿಕೊಳ್ಳುತ್ತೇನೆ. ಅಪ್ಪನ ಬಲಗಣ್ಣಿಗೆ ಪೊರೆ ಬಂದಿದೆ.