ರಾಯರ ಬಿಡಾರ ವಿಚಾರ

ಪ್ರವಾಸಿಗಳಲ್ಲಿ ಹಲವು ಜಾತಿಗಳುಂಟು. ದೇವರನ್ನು ನೋಡಲು ಹೊರಡುವವರು, ಸಮುದ್ರವನ್ನು ನೋಡಲು ಹೊರಡುವವರು, ನೆರೆಮನೆಯವರು ಹೋಗಿಬಂದರೆಂಬ ಕಾರಣಕ್ಕೆ ಹೊರಡುವವರು, ಮನೆಗೆ ಸುಣ್ಣ ಬಳಿಸುವ ದಿನಗಳಲ್ಲಿ ಬೇರೆ ಗತಿಯಿಲ್ಲದೆ ಹೊರಡುವವರು, ಇವರೆಲ್ಲರೂ ನಮಗೆ ಪರಿಚಿತರೇ. ಆದರೆ ಊರು ಯಾವುದಾದರೇನು, ಆ ಊರಿನಲ್ಲಿ ಇಳಿದುಕೊಳ್ಳುವ ಕೇರಿ ಯಾವುದೆಂಬುದೇ ಪ್ರಯಾಣದ ಸಾರಸರ್ವಸ್ವವೆಂದು ನಂಬಿ, ಆ ಕೇರಿಯ ನಿಷ್ಕರ್ಷೆಯಲ್ಲಿಯೇ ಆಯುಷ್ಯದ ಗಣನೀಯ ಭಾಗವನ್ನು ಸವೆಸುವ ಇನ್ನೊಂದು ಜಾತಿಯುಂಟು. ಅದರ ಕುಲಪತಿಯೆನ್ನಬಹುದಾದವರು ಬೆಂಗಳೂರಿನ ನಮ್ಮ ಬೀದಿಯಲ್ಲೇ, ಎದುರು ಸಾಲಿನ ಮೂರನೆಯ ಮನೆಯಲ್ಲಿ ವಾಸವಾಗಿದ್ದಾರೆ. ಅವರ ಪೂರ್ಣ ನಾಮಧೇಯ ಇಲ್ಲಿ ಅಪ್ರಸ್ತುತ, ರಾಯರೆಂದರೆ ಸಾಕು. ಓದುಗರ ಬೀದಿಯಲ್ಲಿಯೂ ಅವರು ಇದ್ದೇ ಇರುವುದರಿಂದ ಗುರುತು ಹಿಡಿಯುವುದು ಕಷ್ಟವಾಗಲಾರದು.

ರಾಯರು ಲೆಕ್ಕ ತಪಾಸಣೆಯ ಕಚೇರಿಯಲ್ಲಿ ಮೂವತ್ತು ವರ್ಷಗಳ ಕಾಲ ಇತರರ ಖರ್ಚಿನಲ್ಲಿ ತಪ್ಪು ಹುಡುಕಿ ನಿವೃತ್ತರಾದವರು. ಅವರ ಸ್ವಭಾವವನ್ನು ಅರಿಯಬೇಕಾದರೆ ಯಾವುದಾದರೊಂದು ಮದುವೆಯ ಊಟದ ಮನೆಯ ಬಾಗಿಲಲ್ಲಿ ಅವರನ್ನು ನೋಡಬೇಕು. ಮೊದಲ ಪಂಕ್ತಿಯಲ್ಲಿ ಬಡಿಸುವವರ ಕೈ ಇನ್ನೂ ಕುದುರಿರುವುದಿಲ್ಲ. ಮೂರನೆಯದರಲ್ಲಿ ಹೋಳಿಗೆಯನ್ನು ಎಣಿಸತೊಡಗಿರುತ್ತಾರೆ. ಆದುದರಿಂದ ಎರಡನೆಯ ಪಂಕ್ತಿಯೇ ಪ್ರಶಸ್ತ. ಅದರಲ್ಲಿಯೂ ಫ್ಯಾನಿನ ಕೆಳಗೆ ಕುಳಿತರೆ ಅನ್ನ ಆರುತ್ತದೆ, ಕೈ ತೊಳೆಯುವ ಕಡೆಗೆ ಕುಳಿತರೆ ಎಂಜಲು ಕೈಯವರು ತಾಗುತ್ತಾರೆ, ಸಾಲಿನ ತುದಿಗೆ ಕುಳಿತರೆ ತುಪ್ಪ ಮುಗಿದಿರುತ್ತದೆ. ಇಷ್ಟನ್ನೂ ಹೆಗಲ ಮೇಲಿನ ಶಲ್ಯವನ್ನು ಸರಿಪಡಿಸಿಕೊಳ್ಳುತ್ತ ನಿಧಾನವಾಗಿ ಪರ್ಯಾಲೋಚಿಸಿ ಅವರು ಒಂದು ಎಲೆಯನ್ನು ಮನಸ್ಸಿನಲ್ಲಿ ನಿಶ್ಚಯಿಸುವಷ್ಟರಲ್ಲಿ ಆ ಎಲೆಯ ಮುಂದೆ ಯಾರೋ ಕುಳಿತು ಆಪೋಶನ ತೆಗೆದುಕೊಂಡಿರುತ್ತಾರೆ. ರಾಯರು ಕೊನೆಯ ಪಂಕ್ತಿಯಲ್ಲಿ, ಫ್ಯಾನಿನ ಕೆಳಗೆ, ಸಾಲಿನ ತುದಿಯಲ್ಲಿ ಕುಳಿತು ತಣ್ಣಗಾದ ಮಜ್ಜಿಗೆಹುಳಿಯನ್ನು ಉಂಡುಬರುತ್ತಾರೆ.

ಇಂಥ ರಾಯರು ಕಳೆದ ವರ್ಷ ಪುರಿಗೆ ಹೊರಡುವ ಸಂಕಲ್ಪ ಮಾಡಿದರು. ದೇವರೂ ಸಮುದ್ರವೂ ಒಂದೇ ಊರಿನಲ್ಲಿ ದೊರೆಯುವುದರಿಂದ ಒಂದೇ ಖರ್ಚಿನಲ್ಲಿ ಎರಡು ಬಾಬುಗಳು ತೀರುವುವೆಂಬುದು ಅವರ ಲೆಕ್ಕಾಚಾರ. ಜೊತೆಗೆ ಬರುವಂತೆ ನನ್ನನ್ನೂ ಕರೆದರು. ನಾನೂ ಹಿಂದುಮುಂದು ನೋಡದೆ ಒಪ್ಪಿದೆ. ಮಾಘಮಾಸದ ಹಿತವಾದ ಚಳಿಯಲ್ಲಿ ಹೊರಡುವುದೆಂದು ತೀರ್ಮಾನವಾಗಿದ್ದ ಆ ಯಾತ್ರೆ, ಬಿಡಾರದ ಕೇರಿ ಇತ್ಯರ್ಥವಾಗದಿದ್ದ ಒಂದೇ ಕಾರಣದಿಂದ ಫಾಲ್ಗುಣಕ್ಕೆ, ಅಲ್ಲಿಂದ ಚೈತ್ರಕ್ಕೆ, ಅಲ್ಲಿಂದ ವೈಶಾಖಕ್ಕೆ ಸರಿದು, ಕಟ್ಟಕಡೆಗೆ ಜ್ಯೇಷ್ಠಮಾಸದ ಬೇಗೆಯಲ್ಲಿ ಬಂದು ನಿಂತಿತು. ಈ ಅವಧಿಯಲ್ಲಿ ರಾಯರು ಒಂದು ಹಳೆಯ ಲೆಡ್ಜರಿನ ಖಾಲಿ ಹಾಳೆಗಳಲ್ಲಿ ನಾಲ್ಕು ಅಂಕಣಗಳನ್ನು ಗೀಚಿ, ಪುರಿಯ ನಾಲ್ಕು ಭಾಗಗಳ ಗುಣದೋಷಗಳನ್ನು ಜಮಾ ಖರ್ಚುಗಳಂತೆ ಎದುರುಬದುರು ಬರೆಯುತ್ತ ಬಂದರು. ಸಂಜೆಯ ಕಾಫಿಯ ಹೊತ್ತಿಗೆ ನಾನು ಅವರ ಮನೆಗೆ ಹೋದರೆ ಆ ಪುಸ್ತಕ ಹೊರಬರುತ್ತಿತ್ತು.

ಮೊದಲನೆಯ ಅಂಕಣ ಬಡದಾಂಡದ್ದು. ಜಗನ್ನಾಥನ ಮಂದಿರದ ಸಿಂಹದ್ವಾರದಿಂದ ಗುಂಡಿಚಾ ಮಂದಿರದವರೆಗೆ ಮೂರು ಕಿಲೋಮೀಟರಿಗೆ ಸಮೀಪವಾಗುವಷ್ಟು ಉದ್ದಕ್ಕೆ ಹಾಸಿಕೊಂಡಿರುವ, ರಥಗಳು ಸಾಗುವ ಹೆದ್ದಾರಿ ಅದು. ದೇವರಿಗೆ ಹತ್ತಿರವೆಂಬುದು ಜಮೆ. ಸಮುದ್ರಕ್ಕೆ ದೂರವೆಂಬುದು ಖರ್ಚು. ಎರಡನೆಯದು ಸ್ವರ್ಗದ್ವಾರ. ಅಲ್ಲಿ ಎದುರಿಗೇ ಕಡಲು, ಬೆನ್ನಿಗೆ ಖಾಜಾ ಮಾರುವ ಮಿಠಾಯಿ ಅಂಗಡಿಗಳು, ಇರುಳು ಬಹಳ ಹೊತ್ತಿನವರೆಗೂ ಬಂಗಾಳಿ ಕುಟುಂಬಗಳ ಸಂತೆ. ಸಾಲದುದಕ್ಕೆ ನಮ್ಮ ಶೃಂಗೇರಿಗೆ ಸೋದರಪೀಠವಾದ ಗೋವರ್ಧನ ಮಠವೂ ಆ ಕಡೆಗೇ ಇರುವುದೆಂದು ರಾಯರು ಜಮೆಯ ಕಡೆ ಎರಡು ಗೆರೆ ಎಳೆದರು. ಆದರೆ ಸ್ವರ್ಗದ್ವಾರವೆಂಬ ಹೆಸರಿನ ಸ್ಮಶಾನವೂ ಅಲ್ಲಿಯೇ, ಅಂಗಡಿ ಸಾಲಿನ ನಡುವೆಯೇ, ಹಗಲಿರುಳೂ ಉರಿಯುವುದೆಂದು ತಿಳಿದಾಗ ಗೆರೆಗಳನ್ನು ಹೊಡೆದುಹಾಕಿದರು. ಕಾಫಿಯ ಲೋಟಗಳನ್ನು ತೆಗೆದುಕೊಂಡು ಹೋಗಲು ಬಂದಿದ್ದ ಅವರ ಮಡದಿ ಆಗ ಮೆಲ್ಲನೆ ಹೇಳಿದ ಮಾತು ನನಗೆ ಇಂದಿಗೂ ನೆನಪಿದೆ: "ಸ್ವರ್ಗದ ಬಾಗಿಲು ತೆರೆದು ಒಳಗೆ ಬನ್ನಿ ಎಂದರೂ ಇವರು ಪಕ್ಕದ ಬಾಗಿಲಲ್ಲಿ ಬಾಡಿಗೆ ಎಷ್ಟೆಂದು ಕೇಳಿಕೊಂಡೇ ಬರುವವರು."

ಮೂರನೆಯದು ಚಕ್ರತೀರ್ಥ ರಸ್ತೆ. ರೈಲು ನಿಲ್ದಾಣಕ್ಕೆ ಹತ್ತಿರ, ಗಲಾಟೆ ಕಡಿಮೆ, ಬಂಗಾಳ-ನಾಗಪುರ ರೈಲ್ವೆಯವರು 1925ರಲ್ಲಿ ತೆರೆದ ಗಂಭೀರವಾದ ಹಳೆಯ ಹೋಟೆಲಿನ ನೆರೆ. ಆದರೆ ಆ ರಸ್ತೆಯನ್ನು ಹಿಡಿದು ಮುಂದೆ ಹೋದರೆ ಪೆಂಠಾಕಟಾ ಎಂಬ ಬೆಸ್ತರ ದೊಡ್ಡ ಕೇರಿ. ಗಾಳಿ ಅತ್ತಣಿಂದ ಬೀಸಿದರೆ ಒಣಗಲು ಹಾಕಿದ ಮೀನಿನ ವಾಸನೆ ರಾಯರ ಪ್ರಾತಃಸಂಧ್ಯೆಗೆ ಬರುವ ಸಂಭವವುಂಟು. ನಾಲ್ಕನೆಯದು ದೀಪಸ್ತಂಭದ ಕಡೆಯ ಬಾಲಿಯಾಪಂಡಾ. ಅಲ್ಲಿ ಶಾಂತಿ ಉಂಟು, ಆದರೆ ಎಲ್ಲಿಗೆ ಹೋಗಬೇಕಾದರೂ ಟೋಟೋ ಗಾಡಿಯವನಿಗೆ ಕಪ್ಪ ಒಪ್ಪಿಸಬೇಕು.

ಹಿಂದಿನವರಿಗೆ ಈ ಕ್ಲೇಶವಿರಲಿಲ್ಲ. ಪುರಿಗೆ ರೈಲು ಬಂದದ್ದೇ 1897ರಲ್ಲಿ. ಅದಕ್ಕೆ ಮೊದಲು ತಿಂಗಳುಗಟ್ಟಲೆ ನಡೆದು ಬಂದ ಯಾತ್ರಿಕನು ಅಜ್ಜನ ಹೆಸರು ಹೇಳಿದರೆ, ಕ್ಷೇತ್ರಪುರೋಹಿತನಾದ ಪಂಡಾ ತನ್ನ ಬಹಿಯೆಂಬ ಪುಸ್ತಕವನ್ನು ಬಿಚ್ಚಿ ಆ ಹೆಸರನ್ನು ಹುಡುಕಿ, ನೀನು ನಮ್ಮವನೆಂದು ಕೈಹಿಡಿದು ತನ್ನ ಮನೆಗೆ ಕರೆದೊಯ್ಯುತ್ತಿದ್ದನು. ಆ ಮನೆಗಳಲ್ಲಿ ಜನ ಕಿಕ್ಕಿರಿದು ಕಾಲರಾ ಹಬ್ಬುತ್ತಿದ್ದುದರಿಂದ ಸರಕಾರವು 1871ರಲ್ಲಿ ವಸತಿಗೃಹಗಳಿಗಾಗಿಯೇ ಒಂದು ಕಾಯಿದೆಯನ್ನು ಮಾಡಬೇಕಾಯಿತು. ಕಾಲರಾ ಹೋಯಿತು, ಅದರ ಸ್ಥಾನದಲ್ಲಿ ಆಯ್ಕೆ ಎಂಬ ವ್ಯಾಧಿ ಬಂದಿತು. ಇದರಿಂದ ಯಾರೂ ಸಾಯುವುದಿಲ್ಲ, ಆದರೆ ನಿದ್ರೆ ಬರುವುದಿಲ್ಲ.

ರಾಯರು ಲಾಡ್ಜುಗಳಿಗೆ ಫೋನು ಮಾಡಿ ನಡೆಸಿದ ಸಂಶೋಧನೆಯಿಂದ ಕಡಲಿನ ದರ್ಶನದಲ್ಲಿ ತಾರತಮ್ಯವಿರುವುದು ಬೆಳಕಿಗೆ ಬಂದಿತು. ಕಡಲ ಮುಖದ ಕೋಣೆಯೆಂದರೆ ಕಿಟಕಿ ತೆರೆದರೆ ಕಡಲು. ಕಡಲ ಮಗ್ಗುಲಿನ ಕೋಣೆಯೆಂದರೆ ಕಿಟಕಿಯಿಂದ ಹೊರಕ್ಕೆ ಬಾಗಿ, ಯಾರಾದರೂ ಹಿಂದಿನಿಂದ ಪಂಚೆಯನ್ನು ಹಿಡಿದುಕೊಂಡಿದ್ದರೆ, ಎರಡು ಕಟ್ಟಡಗಳ ಸಂದಿನಲ್ಲಿ ಗೇಣಗಲ ನೀಲಿ. ಕಡಲ ಗಾಳಿಯ ಕೋಣೆಯೆಂದರೆ ಕಡಲು ಇಲ್ಲವೆಂದೇ ಅರ್ಥ. ಈ ಮೂರನ್ನೂ ವಿಂಗಡಿಸುವ ಪ್ರಶ್ನಾವಳಿಯನ್ನು ಅವರು ತಮ್ಮ ಹಿಂದಿಯಲ್ಲಿ ಬರೆದಿಟ್ಟುಕೊಂಡು ಓದುತ್ತಿದ್ದರು. ಅತ್ತಣ ಮ್ಯಾನೇಜರುಗಳು ಎಲ್ಲಕ್ಕೂ "ಹಾಂ ಜೀ" ಎಂದು ಒಂದೇ ಉತ್ತರ ಕೊಡುತ್ತಿದ್ದರು.

ಅಂತೂ ಒಂದು ರಾತ್ರಿ ಯಶವಂತಪುರದಲ್ಲಿ ರೈಲು ಹತ್ತಿ, ಒಂದು ದಿನಕ್ಕೂ ಮಿಕ್ಕ ಪ್ರಯಾಣವನ್ನು ಮುಗಿಸಿ ಪುರಿಯಲ್ಲಿ ಇಳಿದೆವು. ಮೊದಲ ಬಿಡಾರ ಚಕ್ರತೀರ್ಥ ರಸ್ತೆಯಲ್ಲಿ. ರಾಯರ ದುರ್ದೈವವೋ ಗಾಳಿಯ ಲೀಲೆಯೋ, ಮುಂಜಾವಿನಲ್ಲಿ ಅವರು ಆಚಮನಕ್ಕೆ ಕುಳಿತ ಸಮಯಕ್ಕೆ ಸರಿಯಾಗಿ ಪೆಂಠಾಕಟಾದ ಕಡೆಯಿಂದ ನಿರೀಕ್ಷಿತ ಪರಿಮಳವು ಕಿಟಕಿಯೊಳಕ್ಕೆ ದಯಮಾಡಿಸಿತು. ಅವರು ಇನ್ನೂ ಮೂಗನ್ನು ಮುಚ್ಚಿಕೊಂಡಿರುವಾಗಲೇ ಹುಡುಗನೊಬ್ಬ ಬಾಗಿಲು ತಟ್ಟಿ, ಎಂಟು ಗಂಟೆಗೆ ರೂಮು ಖಾಲಿ ಮಾಡಬೇಕು, ಇರುವುದಾದರೆ ಇನ್ನೊಂದು ದಿನದ ಬಾಡಿಗೆ ಕೊಡಿ ಎಂದನು. ಹೌರಾದಿಂದ ರಾತ್ರಿ ಹೊರಟ ರೈಲುಗಳು ಬೆಳಗಾಗುತ್ತಲೇ ಜನವನ್ನು ತಂದು ಸುರಿಯುವುದರಿಂದ ಆ ಊರಿನ ಅನೇಕ ಲಾಡ್ಜುಗಳಲ್ಲಿ ದಿನವೆಂಬುದು ಬೆಳಗಿನ ಹೊತ್ತಿಗೇ ಮುಗಿದು ಬೆಳಗಿನ ಹೊತ್ತಿಗೇ ಹುಟ್ಟುತ್ತದೆ. ಇತರರಿಗೆ ಉಪದ್ರವವಾಗಿ ತೋರುವ ಈ ಪದ್ಧತಿ ರಾಯರಿಗೆ ವರವಾಗಿ ತೋರಿತು. ದಿನಕ್ಕೊಂದು ಬಾರಿ ತಪ್ಪನ್ನು ತಿದ್ದಿಕೊಳ್ಳುವ ಅವಕಾಶ ಯಾವ ಕಚೇರಿಯಲ್ಲಿ ತಾನೆ ದೊರೆತೀತು? ಎಂಟಕ್ಕೆ ಹತ್ತು ನಿಮಿಷವಿರುವಾಗ ನಮ್ಮ ಟ್ರಂಕು, ಹಾಸಿಗೆ ಸುರುಳಿ, ಅವಲಕ್ಕಿಯ ಡಬ್ಬ, ಲೆಡ್ಜರು ಸಮೇತ ಟೋಟೋ ಹತ್ತಿ ಬಾಲಿಯಾಪಂಡಾಕ್ಕೆ ಹೊರಟೆವು. ಮರುದಿನ ಅದೇ ಮುಹೂರ್ತದಲ್ಲಿ ಸ್ವರ್ಗದ್ವಾರಕ್ಕೆ. ಪ್ರತಿಯೊಂದು ಬಿಡಾರದಲ್ಲಿಯೂ ರಾಯರು ಕಳೆದುಹೋದ ಬಿಡಾರದ ಗುಣಗಳನ್ನು ಸ್ಮರಿಸುತ್ತ, ಮುಂದಣ ಬಿಡಾರದ ವಿಚಾರಣೆಗಾಗಿ ಹೊರಗೆ ಹೋಗಿರುತ್ತಿದ್ದರು. ಆದುದರಿಂದ ಬಾಡಿಗೆ ಕೊಟ್ಟ ಕೋಣೆಯಲ್ಲಿ ಅವರು ವಾಸಿಸಿದ್ದು ಕಡಿಮೆ.

ಸ್ವರ್ಗದ್ವಾರದ ಬಿಡಾರದಲ್ಲಿದ್ದಾಗ, ರಾಯರು ಎಂದಿನಂತೆ ವಿಚಾರಣೆಗೆ ಹೋಗಿದ್ದ ಒಂದು ಬೆಳಗು, ಅವರ ಮಡದಿ ಸೆರಗನ್ನು ಸೊಂಟಕ್ಕೆ ಬಿಗಿದು ಕಡಲಿಗೆ ಇಳಿದುಬಿಟ್ಟರು. ಪುರಿಯ ಅಲೆ ನಮ್ಮ ಕರಾವಳಿಯ ಅಲೆಯಂತಲ್ಲ. ಅದು ದೂರದಿಂದಲೇ ಗೋಡೆಯಂತೆ ಎದ್ದು ಬಂದು, ಕಾಲಬಳಿಯಲ್ಲಿ ಕುಸಿದು, ಹಿಂದಕ್ಕೆ ಹೋಗುವಾಗ ಅಂಗಾಲಿನ ಕೆಳಗಣ ಮರಳನ್ನೇ ಕದ್ದುಕೊಂಡು ಹೋಗುತ್ತದೆ. ಆಕೆಯ ಕೈಹಿಡಿದು ನಿಂತಿದ್ದವನು ಚೂಪು ತುದಿಯ ಬಿಳಿಯ ಟೋಪಿಯ, ಬಿಸಿಲಲ್ಲಿ ಕರಕಾದ ಒಬ್ಬ ಮುದಿ ನೋಲಿಯಾ, ಎಂದರೆ ಕಡಲಿಗಿಳಿಯುವವರನ್ನು ಕಾಯುವ ಬೆಸ್ತ. ಈ ನೋಲಿಯಾಗಳ ಮನೆಮಾತು ತೆಲುಗು. ಆಕೆ ಬೆಂಗಳೂರಿನ ಮಾರುಕಟ್ಟೆಯಲ್ಲಿ ಸೊಪ್ಪಿನವಳಿಂದ ಕಲಿತ ತೆಲುಗು ಇಲ್ಲಿ ಉಪಯೋಗಕ್ಕೆ ಬಂದಿತು. ಅಲೆ ಬಂದಾಗ ಓಡಬೇಡ ತಾಯೀ, ಎಲ್ಲಿ ನಿಂತಿದ್ದೀಯೋ ಅಲ್ಲಿಯೇ ನಿಲ್ಲು, ಬೆನ್ನು ಕೊಡು, ಅದು ಹೊರಟುಹೋಗುತ್ತದೆ ಎಂದು ಅವನು ಹೇಳುತ್ತಿದ್ದನು. ಆಕೆ ನಿಂತರು, ಅಲೆ ಬಂದಿತು, ತುರುಬು ಬಿಚ್ಚಿ, ಬಾಯಿಗೆ ಉಪ್ಪುನೀರು ನುಗ್ಗಿ, ಅರುವತ್ತರ ಆ ಗೃಹಿಣಿ ಹನ್ನೆರಡರ ಹುಡುಗಿಯಂತೆ ಕೇಕೆ ಹಾಕಿ ನಕ್ಕರು. ಅಷ್ಟು ಹೊತ್ತಿಗೆ ರಾಯರು ದಂಡೆಯ ಮೇಲೆ ಕಾಣಿಸಿಕೊಂಡು, ಬಾಯಿಗೆ ಕೈ ಅಡ್ಡಹಿಡಿದು, "ಬಡದಾಂಡದಲ್ಲಿ ಸಿಕ್ಕಿತು ಕಣೇ!" ಎಂದು ಕೂಗಿದರು. ಸಮುದ್ರದ ಕಡೆಗೆ ಅವರು ನೋಡಿದರೆಂದು ನನಗೆ ತೋರಲಿಲ್ಲ.

ಬಡದಾಂಡದ ಲಾಡ್ಜಿನಲ್ಲಿ ರೂಮು ಸಿಕ್ಕ ಸುಲಭವನ್ನೂ ಬಾಡಿಗೆಯ ಸೌಮ್ಯತೆಯನ್ನೂ ರಾಯರು ತಮ್ಮ ಚೌಕಾಸಿಯ ಖಾತೆಗೆ ಜಮೆ ಮಾಡಿಕೊಂಡರು. ಅಲ್ಲಿಗೆ ಸಮೀಪದಲ್ಲಿಯೇ ಅರಮನೆಯ ಮುಂದೆ ಮೂರು ರಥಗಳನ್ನು ಹೊಸದಾಗಿ ಕಟ್ಟುತ್ತಿದ್ದರು. ಜಗನ್ನಾಥನದಕ್ಕೆ ಹದಿನಾರು, ಬಲಭದ್ರನದಕ್ಕೆ ಹದಿನಾಲ್ಕು, ಸುಭದ್ರೆಯದಕ್ಕೆ ಹನ್ನೆರಡು, ಅಂತು ನಲವತ್ತೆರಡು ಚಕ್ರಗಳ ಮೇಲೆ ಬಡಗಿಗಳ ಕೊಡತಿ ಏಳುತ್ತ ಬೀಳುತ್ತ ಇತ್ತು. ಪ್ರತಿ ಏಟಿಗೂ ರಾಯರ ಹುಬ್ಬು ಗಂಟಾಗುತ್ತಿತ್ತು. ಆದರೂ ದೇವರ ಸಾಮೀಪ್ಯವಿದೆಯೆಂಬ ಸಮಾಧಾನದಿಂದ ಮಡಿಯುಟ್ಟು ಸಿಂಹದ್ವಾರಕ್ಕೆ ಹೋದೆವು. ದೇವರಿರಲಿಲ್ಲ.

ಇರಲಿಲ್ಲವೆಂದರೆ ದರ್ಶನವಿರಲಿಲ್ಲ. ಹಿಂದಿ ತೆಲುಗುಗಳೆರಡನ್ನೂ ಕಲಸಿ ಅಲ್ಲಿದ್ದ ಒಬ್ಬ ಪಂಡಾ ವಿವರಿಸಿದನು: ಜ್ಯೇಷ್ಠದ ಹುಣ್ಣಿಮೆಯಂದು ಸ್ವಾಮಿಗೆ ನೂರೆಂಟು ಕೊಡಗಳ ಸ್ನಾನ, ಅದರಿಂದ ಜ್ವರ, ಹದಿನೈದು ದಿನ ಯಾರಿಗೂ ಕಾಣಿಸಿಕೊಳ್ಳದೆ ಒಳಗೆ ಔಷಧೋಪಚಾರ. ಈ ಕಾಲಕ್ಕೆ ಅನವಸರವೆಂದು ಹೆಸರು. ಅವಸರವೆಂದರೆ ಸಂಸ್ಕೃತದಲ್ಲಿ ಸಮಯವೆಂದೂ ಸಂದರ್ಭವೆಂದೂ ಅರ್ಥವಾಗುವುದರಿಂದ ದರ್ಶನಕ್ಕೆ ಸಮಯವಲ್ಲದ್ದು ಅನವಸರ. ಆದರೆ ಕೇರಿಯೊಂದನ್ನು ಆರಿಸಲು ಐದು ತಿಂಗಳು ಅವಸರಪಡದೆ ಕಳೆದು ಬಂದ ರಾಯರಿಗೆ ಆ ಪದದ ಕನ್ನಡ ಅರ್ಥವೇ ಹೆಚ್ಚು ಹೊಂದುವಂತಿತ್ತು. ಮಾಘದಲ್ಲಿ ಬಂದಿದ್ದರೆ ಯಾವ ಹರಕು ಧರ್ಮಶಾಲೆಯಲ್ಲಿ ಮಲಗಿದ್ದರೂ ಸ್ವಾಮಿ ಸಿಕ್ಕುತ್ತಿದ್ದನು.

ಪಂಡಾ ಮುಂದುವರಿಸಿದನು: ಜ್ವರ ಬಿಟ್ಟ ಮೇಲೆ, ಆಷಾಢ ಶುದ್ಧ ಬಿದಿಗೆಯಂದು, ಸ್ವಾಮಿ ಅಣ್ಣನನ್ನೂ ತಂಗಿಯನ್ನೂ ಕರೆದುಕೊಂಡು ಇದೇ ಬೀದಿಯ ಆ ತುದಿಗೆ, ಜನ ಚಿಕ್ಕಮ್ಮನ ಮನೆಯೆಂದು ಕರೆಯುವ ಗುಂಡಿಚಾ ಮಂದಿರಕ್ಕೆ, ಹವೆ ಬದಲಾಯಿಸಲು ಹೋಗುತ್ತಾನೆ, ಪ್ರತಿ ವರ್ಷವೂ ಅದೇ ಬೀದಿ, ಅದೇ ಮನೆ. ಮಹಾಲಕ್ಷ್ಮಿಯನ್ನು ಬಿಟ್ಟುಹೋಗುವುದರಿಂದ ಆಕೆ ಐದನೆಯ ದಿನ ಸಿಟ್ಟಿನಿಂದ ಹಿಂಬಾಲಿಸಿ ಬಂದು ರಥದ ಒಂದು ತುಂಡನ್ನು ಮುರಿದು ಹೋಗುವಳು. ಈ ಕಥೆಯನ್ನು ಕೇಳಿ ರಾಯರ ಮಡದಿ, "ಬಿಟ್ಟುಹೋದರೂ ಚಿಂತೆಯಿಲ್ಲ, ಗಂಡ ಎಲ್ಲಿ ಇಳಿದಿದ್ದಾನೆಂಬುದಾದರೂ ಲಕ್ಷ್ಮಿಗೆ ಗೊತ್ತಿರುತ್ತದಲ್ಲ" ಎಂದರು. ಈ ಹದಿನೈದು ದಿನ ಭಕ್ತರು ಬ್ರಹ್ಮಗಿರಿಯ ಅಲಾರನಾಥನಲ್ಲಿಯೇ ಜಗನ್ನಾಥನನ್ನು ಕಾಣುತ್ತಾರೆ, ಇಲ್ಲಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರು ಎಂದು ಪಂಡಾ ಹೇಳಿದಾಗ ರಾಯರ ಕೈ ತಾನಾಗಿ ಲೆಡ್ಜರಿನ ಕಡೆಗೆ ಹೋಯಿತು.

ಸಂಜೆಯಾಯಿತು. ಸುಮಾರು ಇನ್ನೂರ ಹದಿನಾಲ್ಕು ಅಡಿ ಎತ್ತರದ ಆ ದೇಗುಲದ ಮೈಯನ್ನು ಸೇವಕನೊಬ್ಬನು ಯಾವ ಆಸರೆಯೂ ಇಲ್ಲದೆ, ಗೋಡೆಗೆ ಬೆನ್ನು ಮಾಡಿಕೊಂಡು ಏರಿ, ಶಿಖರದ ನೀಲಚಕ್ರದ ಮೇಲಣ ಹಳೆಯ ಧ್ವಜವನ್ನು ಇಳಿಸಿ ಹೊಸದನ್ನು ಕಟ್ಟುವುದನ್ನು ಬೀದಿಯ ಜನವೆಲ್ಲ ಕತ್ತೆತ್ತಿ ನೋಡುತ್ತ ನಿಂತಿತ್ತು. ಒಳಗೆ ಸ್ವಾಮಿ ಮಲಗಿದ್ದರೂ ಹೊರಗೆ ಧ್ವಜ ತಪ್ಪುವುದಿಲ್ಲ. ಪಂಡಾ ಕೈಜೋಡಿಸಿ ಹೇಳಿದನು: "ಬಾಬೂ, ಈ ಊರಿನ ಯಾವ ಮೂಲೆಯಲ್ಲಿ ನಿಂತು ನೋಡಿದರೂ ಆ ಚಕ್ರ ನಿಮ್ಮ ಕಡೆಗೇ ಮುಖ ಮಾಡಿರುತ್ತದೆ."

ರಾಯರು ಆ ಮಾತಿನಿಂದ ನಿಜವಾಗಿಯೂ ಕಲಕಿದವರಂತೆ ಕಂಡರು. ಒಂದು ಕ್ಷಣ ಮೌನವಾಗಿ ನಿಂತು, ಬಳಿಕ ನಮ್ಮನ್ನು ಅಲ್ಲಿಯೇ ಇರಹೇಳಿ, ಹಸುಗಳನ್ನೂ ಸೈಕಲ್ ರಿಕ್ಷಾಗಳನ್ನೂ ತಪ್ಪಿಸಿಕೊಳ್ಳುತ್ತ ಆ ವಿಶಾಲವಾದ ಬೀದಿಯನ್ನು ದಾಟಿ ಎದುರು ಮಗ್ಗುಲಿಗೆ ಹೋದರು. ಅಲ್ಲಿ ನಿಂತು ಚಕ್ರವನ್ನು ದಿಟ್ಟಿಸಿದರು. ಆಮೇಲೆ ಹಿಂದಣ ಕಟ್ಟಡದೊಳಕ್ಕೆ ಹೊಕ್ಕು ಕಣ್ಮರೆಯಾದರು. ಕಾಲು ಗಂಟೆಯಾದ ಮೇಲೆ ಮುಖವರಳಿಸಿಕೊಂಡು ಹಿಂದಿರುಗಿ ಬಂದರು.

"ಪಂಡಾ ಹೇಳಿದ್ದು ನಿಜ ಸ್ವಾಮಿ. ಆ ಕಡೆಯಿಂದಲೂ ನಮ್ಮತ್ತಲೇ ನೋಡುತ್ತದೆ. ಅಲ್ಲೊಂದು ಲಾಡ್ಜಿದೆ, ಮಹಡಿಯ ಮೇಲಿನ ರೂಮು. ಕೇಳಿಕೊಂಡೇ ಬಂದೆ, ನಮ್ಮದಕ್ಕಿಂತ ನೂರು ರೂಪಾಯಿ ಕಡಿಮೆ."