ಸಪ್ತರ್ಷಿಗಳಲ್ಲಿ ಒಬ್ಬರು

ನಮ್ಮ ಬೀದಿಯ ಕೊನೆಯ ಮನೆಯ ರಾಯರನ್ನು ಯಾರಾದರೂ ತಿಳಿಯದೆ ‘ಎಕ್ಸ್‌ಟ್ರಾ’ ಎಂದು ಕರೆದದ್ದೇ ಆದರೆ, ಸ್ವಭಾವತಃ ಸಾಧುವಾದ ಆ ಜೀವವು ಕೈಯಲ್ಲಿನ ಕಾಫಿಯ ಲೋಟವನ್ನು ಕೆಳಗಿಟ್ಟು, ಹೆಗಲ ಮೇಲಿನ ವಲ್ಲಿಯನ್ನು ಸರಿಪಡಿಸಿಕೊಂಡು, ‘ಸ್ವಾಮಿ, ಎಕ್ಸ್‌ಟ್ರಾ ಎಂಬುದು ದೋಸೆಯ ಜೊತೆಗೆ ಕೇಳಿ ಹಾಕಿಸಿಕೊಳ್ಳುವ ಚಟ್ನಿಗೆ, ನಾನು ಸಹಕಲಾವಿದ’ ಎಂದು ತಿದ್ದದೆ ಬಿಡುವುದಿಲ್ಲ.

ಗಾಂಧಿನಗರದಲ್ಲಿ ಪಾತ್ರವು ಕಿರಿದಾದಷ್ಟೂ ಅದರ ಹೆಸರಿನ ಜಗಳ ಹಿರಿದಾಗುವುದೆಂದು ನಾನು ಅರಿತದ್ದು ಅವರಿಂದಲೇ. ಒಂದೆರಡು ಮಾತಿದ್ದರೆ ಅದು ‘ಬಿಟ್ ರೋಲು’. ಮಾತಿಲ್ಲದೆ ಚಾಮರ ಬೀಸಿದರೆ ‘ಜೂನಿಯರ್ ಆರ್ಟಿಸ್ಟು’. ಅರುವತ್ತರ ಶಾಂತಿಯಾದ ಮೇಲೂ ಜೂನಿಯರ್ ಆಗಿಯೇ ಉಳಿಯುವ ಭಾಗ್ಯ ಸರ್ಕಾರಿ ನೌಕರಿಯಲ್ಲಿ ಉಂಟೆ? ಇದನ್ನೆಲ್ಲ ಸಹಿಸುವ ರಾಯರಿಗೆ ಸಹಿಸಲಾಗದ ಪದ ಒಂದೇ: ‘ಅತಿಥಿ ನಟ’. ಹೆಸರಾಂತ ನಾಯಕನು ಎರಡು ನಿಮಿಷ ಬಂದು ನಕ್ಕು ಹೋದರೆ ಅತಿಥಿ. ಅದೇ ಎರಡು ನಿಮಿಷ ಅವನ ಬೆನ್ನ ಹಿಂದೆ ಈಟಿ ಹಿಡಿದು ನಿಂತವರು ಕೊನೆಯ ಪಂಕ್ತಿಯ ಊಟದವರು. ‘ತಿಥಿ ನೋಡದೆ ಬರುವವನಲ್ಲವೆ ಅತಿಥಿ? ಆತ ತಿಂಗಳ ಮೊದಲೇ ಕಾಲ್‌ಷೀಟು ಕೊಟ್ಟು ಬರುತ್ತಾನೆ. ಏಜೆಂಟರ ಹುಡುಗ ಬೆಳಗಿನ ಜಾವ ಬಾಗಿಲು ತಟ್ಟಿದರೆ ಹಲ್ಲುಜ್ಜದೆ ಕಂಠೀರವ ಸ್ಟುಡಿಯೋಗೆ ಓಡುವವನು ನಾನು. ಈಗ ಹೇಳಿ, ವ್ಯುತ್ಪತ್ತಿಯ ಪ್ರಕಾರ ಅತಿಥಿ ಯಾರು?’

ಎಂದಾದರೊಂದು ದಿನ ತಾವೂ ದೊಡ್ಡ ಪಾತ್ರಕ್ಕೆ ಏರುವೆವೆಂಬ ಅವರ ಆಶೆ ಕೇವಲ ನಿರಾಧಾರವೂ ಅಲ್ಲ. 1952ರ ‘ಶ್ರೀ ಶ್ರೀನಿವಾಸ ಕಲ್ಯಾಣ’ದಲ್ಲಿ ಸಪ್ತರ್ಷಿಗಳಲ್ಲೊಬ್ಬರಾಗಿದ್ದ ಮುತ್ತುರಾಜರು 1954ರಲ್ಲಿ ‘ಬೇಡರ ಕಣ್ಣಪ್ಪ’ನ ನಾಯಕರಾಗಿ, ರಾಜಕುಮಾರರೆಂಬ ಹೆಸರಿನಿಂದ ಬೆಳಗಿದರೆಂಬುದನ್ನು ವಾರಕ್ಕೊಮ್ಮೆಯಾದರೂ ಸ್ಮರಿಸುವರು, ಉಳಿದ ಆರು ಋಷಿಗಳು ಏನಾದರೆಂದು ಕೇಳುವಷ್ಟು ಕ್ರೌರ್ಯ ನನ್ನಲ್ಲಿಲ್ಲ. ತಾವೂ ಒಂದು ಪೌರಾಣಿಕ ಚಿತ್ರದಲ್ಲಿ ಋಷಿಯಾದಾಗ, ಬಾಲ್ಯದಲ್ಲಿ ಸಿಡುಬಿನ ಲಸಿಕೆ ಹಾಕಿಸಿದ ಎರಡು ದುಂಡು ಕಲೆಗಳು ತ್ರೇತಾಯುಗವೆಂಬುದನ್ನೂ ಲೆಕ್ಕಿಸದೆ ದೀಪದ ಬೆಳಕಿಗೆ ತೋಳಿನ ಮೇಲೆ ಹೊಳೆಯತೊಡಗಲು, ಮೇಕಪ್ಪಿನವರು ಓಡಿಬಂದು ಅವುಗಳ ಮೇಲೆ ಮೂರು ಬೆರಳಿನಿಂದ ವಿಭೂತಿ ಬಳಿದರಂತೆ. ‘ನನ್ನ ಕಲೆಯನ್ನು ಮುಚ್ಚುವುದಕ್ಕೆ ಅಂದಿನಿಂದಲೂ ಸಂಚು ನಡೆದಿದೆ’ ಎಂದು ರಾಯರು ಹೇಳುವಾಗ ನಗಬೇಕೋ ಬಾರದೋ ಎಂಬುದು ಅವರ ಮುಖದಿಂದ ತಿಳಿಯುವುದಿಲ್ಲ.

ಹೋದ ವರ್ಷ ಅವರಿಗೆ ಮಾತು ದೊರೆಯಿತು. ‘ಅಪ್ಪಣೆ, ಮಹಾಪ್ರಭು’: ಎರಡೇ ಪದ. ವಾರವೆಲ್ಲ ಅಭ್ಯಾಸ ನಡೆದು, ಮೂಲೆಯಂಗಡಿಯಿಂದ ಉಪ್ಪು ತನ್ನಿರೆಂದ ಮಡದಿಗೂ ಅದೇ ಉತ್ತರ ಸಂದಿತು. ಚಿತ್ರ ಬಿಡುಗಡೆಯಾದಂದು ಬೀದಿಗೆ ಬೀದಿಯೇ ಹೋಗಿ ಕುಳಿತೆವು. ರಾಯರು ತೆರೆಯ ಮೇಲೆ ಬಂದರು, ಬಾಗಿದರು, ಬಾಯಿ ತೆರೆದರು. ಹೊರಬಂದದ್ದು ಮಾತ್ರ ಇಪ್ಪತ್ತೈದರ ಯಾವನೋ ತರುಣನ ಗಡಸು ಕಂಠ.

ಆಟ ಬಿಟ್ಟ ಮೇಲೆ ಬಸ್ ಸ್ಟ್ಯಾಂಡಿನವರೆಗೂ ಅವರು ಮಾತನಾಡಲಿಲ್ಲ. ಬಸ್ಸು ಬಂದು ನಿಂತಾಗ ನನ್ನ ತೋಳು ಹಿಡಿದು, ‘ತುಟಿ ನನ್ನದು, ದನಿ ಇನ್ನೊಬ್ಬನದು, ನೀವು ಸಂಸ್ಕೃತ ಬಲ್ಲವರು, ಇಂಥ ಪಾತ್ರಕ್ಕೆ ಒಂದು ಹೆಸರು ಹೇಳಿ’ ಎಂದರು.